ಗೊರ್ಗೊನೇಯನ್: ಮೆಡೂಸಾಳ ಮುಖ ಬದಲಾದ ಬಗೆ

ಗೊರ್ಗನ್ ಎಂಬ ಗ್ರೀಕ್ ರಾಕ್ಷಸಿಯ ಮುಖವನ್ನಷ್ಟೇ ತೋರಿಸುವ ಚಿತ್ರಕ್ಕೆ ಅಥವಾ ಉಬ್ಬುಶಿಲ್ಪಕ್ಕೆ ಗೊರ್ಗೊನೇಯನ್ ಎನ್ನುತ್ತಾರೆ. ಅದರಲ್ಲಿ ಮೈ ಇಲ್ಲ, ಕಥೆಯೂ ಇಲ್ಲ. ನೋಡುವವರನ್ನೇ ದಿಟ್ಟಿಸುವ ಮುಖವೊಂದೇ. ಕೇಡು ಹತ್ತಿರ ಸುಳಿಯದಿರಲೆಂದು ಗುರಾಣಿ, ಎದೆಗವಚ, ಗುಡಿಯ ಸೂರು, ನಾಣ್ಯಗಳ ಮೇಲೆಲ್ಲ ಇದನ್ನು ಮೂಡಿಸುತ್ತಿದ್ದರು. ಗೊರ್ಗನ್ ಸೋದರಿಯರು ಮೂವರು. ಅವರಲ್ಲಿ ಸಾವಿದ್ದದ್ದು ಮೆಡೂಸಾಳಿಗೆ ಮಾತ್ರ. ಅವಳ ಮುಖ ನೋಡಿದವರು ಕಲ್ಲಾಗುತ್ತಿದ್ದರಂತೆ. ಪರ್ಸಿಯಸ್ ಎಂಬ ವೀರ ಕಡಿದ ಅವಳ ತಲೆ ಕೊನೆಗೆ ಅಥೀನಾ ದೇವತೆಯ ಎದೆಯ ಮೇಲೆ ಬಂದು ಕೂತಿತು.

ಹಳೆಯ ಮಾದರಿಯನ್ನು ಗುರುತಿಸುವುದು ಕಷ್ಟವಲ್ಲ. ಅಗಲವಾದ ದುಂಡು ಮುಖ, ದಪ್ಪ ಕಣ್ಣು, ಚಪ್ಪಟೆ ಮೂಗು, ಹಲ್ಲು ಕಿರಿದ ಬಾಯಿ, ಕೋರೆ, ಗದ್ದದ ಮೇಲೆ ಜೋತ ನಾಲಿಗೆ. ಕೆಲವೊಮ್ಮೆ ಗಡ್ಡವೂ ಇರುತ್ತದೆ. ಅದನ್ನು ಕಂಡು ಗಂಡು ಎಂದುಕೊಳ್ಳಬಾರದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಮುಖ ತಿರುಗಿರುವ ದಿಕ್ಕು. ಆ ಕಾಲದ ಮಡಕೆ ಚಿತ್ರಕಾರರು ದೇವರನ್ನೂ ಮನುಷ್ಯರನ್ನೂ ಹೆಚ್ಚಾಗಿ ಪಕ್ಕದಿಂದಲೇ ಬಿಡಿಸುತ್ತಿದ್ದರು. ಗೊರ್ಗನ್ನಳ ಕಾಲು ಅತ್ತ ಓಡುತ್ತಿದ್ದರೂ ಮುಖ ಮಾತ್ರ ನಮ್ಮತ್ತಲೇ. ಕೆಲವು ಬಟ್ಟಲುಗಳ ಒಳತಳದಲ್ಲೂ ಇವಳಿರುತ್ತಾಳೆ: ದ್ರಾಕ್ಷಾರಸ ಖಾಲಿಯಾಗುತ್ತ ಬಂದಾಗ ಕುಡಿದವನಿಗೆ ತಳದಲ್ಲಿ ನಾಲಿಗೆ ಚಾಚಿದ ಮುಖ!

ನಮ್ಮ ಗುಡಿಗಳ ಕೀರ್ತಿಮುಖ ನೋಡಿದವರಿಗೆ ಇದೂ ಅದೇ ಅನ್ನಿಸಬಹುದು. ಆದರೆ ಕೀರ್ತಿಮುಖ ಸಿಂಹದಂಥದ್ದು, ಸಾಮಾನ್ಯವಾಗಿ ಅದಕ್ಕೆ ಕೆಳದವಡೆ ಇರುವುದಿಲ್ಲ. ಗೊರ್ಗನ್‌ಗೆ ಕೆಳದವಡೆ ಇದೆ, ನಾಲಿಗೆ ಇಳಿಬಿದ್ದಿರುವುದೇ ಅದರ ಮೇಲೆ. ಹೋಲಿಕೆ ಇದ್ದಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು.

ಈ ರೂಪ ನೆಲೆಗೊಳ್ಳುವ ಮುನ್ನ ಕಲಾವಿದರು ತೋಚಿದಂತೆ ಮಾಡಿದ್ದುಂಟು. ಕ್ರಿ.ಪೂ. 7ನೇ ಶತಮಾನದ ಗ್ರೀಸ್‌ನ ಬಿಯೋಷಿಯಾ ಪ್ರಾಂತ್ಯದ ಒಂದು ಹರವಿ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಮೆಡೂಸಾಳಿಗೆ ಕುದುರೆಯ ಹಿಂಭಾಗ ಅಂಟಿಕೊಂಡಿದೆ. ಪರ್ಸಿಯಸ್ ಮುಖ ಆಚೆ ತಿರುಗಿಸಿರುವುದರಿಂದಲೇ ಅವಳು ಯಾರೆಂದು ಗೊತ್ತಾಗುವುದು. ಅಥೆನ್ಸ್ ಬಳಿಯ ಎಲೂಸಿಸ್‌ನಲ್ಲಿ ಸಿಕ್ಕ ಅದೇ ಶತಮಾನದ ಜಾಡಿಯಲ್ಲಿ ಗೊರ್ಗನ್‌ಗಳ ತಲೆ ಥೇಟ್ ಕಂಚಿನ ಕೊಪ್ಪರಿಗೆ.

ಕಾರ್ಫು ದ್ವೀಪದ ಆರ್ಟೆಮಿಸ್ ಗುಡಿಯ ಮುಂಭಾಗದಲ್ಲಿದ್ದ ಮೆಡೂಸಾ (ಸುಮಾರು ಕ್ರಿ.ಪೂ. 580) ಹೆಚ್ಚುಕಡಿಮೆ 3 ಮೀಟರ್ ಎತ್ತರ. ಸೊಂಟದಲ್ಲಿ ಎರಡು ಹಾವುಗಳ ಗಂಟು. ಮಂಡಿಯೂರಿ ಕೂತಿದ್ದಾಳೆ ಎಂದು ಅನೇಕರು ಬರೆಯುತ್ತಾರೆ. ಅದು ತಪ್ಪು, ಆ ಕಾಲದ ಶಿಲ್ಪಿಗಳು ಓಟವನ್ನು ತೋರಿಸುತ್ತಿದ್ದುದೇ ಹಾಗೆ. ಪಕ್ಕದಲ್ಲಿ ಅವಳ ಮಕ್ಕಳಾದ ಪೆಗಾಸಸ್ ಎಂಬ ರೆಕ್ಕೆಯ ಕುದುರೆ ಮತ್ತು ಕ್ರೈಸಾವೋರ್ ಎಂಬ ವೀರ ಇದ್ದಾರೆ. ಕಥೆಯ ಪ್ರಕಾರ ಇಬ್ಬರೂ ಹುಟ್ಟಿದ್ದು ಕಡಿದ ಕುತ್ತಿಗೆಯಿಂದ, ಇಲ್ಲಿ ತಲೆ ಇನ್ನೂ ಹೆಗಲ ಮೇಲೇ ಇದೆ. ಶಿಲ್ಪಿಗೆ ಘಟನೆಗಳ ಅನುಕ್ರಮಕ್ಕಿಂತ ಅವಳು ಯಾರೆಂದು ತಿಳಿಯುವುದು ಮುಖ್ಯವಾಗಿತ್ತು.

ಕ್ರಿ.ಪೂ. 5ನೇ ಶತಮಾನದ ನಡುವೆ ಕೋರೆ, ನಾಲಿಗೆ ಕಣ್ಮರೆಯಾಗತೊಡಗುತ್ತವೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, ಮಡಕೆ ಚಿತ್ರಕಾರ ಪೊಲಿಗ್ನೋಟಸ್ ಬಿಡಿಸಿದ ಜಾಡಿಯಲ್ಲಿ ಮಲಗಿ ನಿದ್ರಿಸುತ್ತಿರುವವಳು ಚೆಲುವೆಯಾದ ಹೆಣ್ಣು. ಕತ್ತಿ ಹಿಡಿದವನೇ ಕ್ರೂರಿಯಾಗಿ ಕಾಣುತ್ತಾನೆ. ಮ್ಯೂನಿಕ್‌ನ ರೊಂಡಾನೀನಿ ಮೆಡೂಸಾ ರೋಮನ್ನರ ಕಾಲದ ಅಮೃತಶಿಲೆಯ ನಕಲು. ಅದರಲ್ಲಿ ರಾಕ್ಷಸತನ ಉಳಿದಿರುವುದು ತಲೆಯ ಮೇಲಿನ ಎರಡು ರೆಕ್ಕೆ, ಗದ್ದದ ಕೆಳಗೆ ಗಂಟು ಹಾಕಿಕೊಂಡ ಹಾವುಗಳಲ್ಲಿ ಮಾತ್ರ.

ಮುಂದಿನವರಿಗೆ ಭಯ ಮತ್ತೆ ಬೇಕಾಯಿತು, ಆದರೆ ಕೋರೆಹಲ್ಲಿನದಲ್ಲ. 1554ರಲ್ಲಿ ಫ್ಲಾರೆನ್ಸ್‌ನಲ್ಲಿ ನಿಲ್ಲಿಸಿದ, ಇಟಲಿಯ ಶಿಲ್ಪಿ ಚೆಲ್ಲೀನಿಯ ಪರ್ಸಿಯಸ್ ವಿಗ್ರಹದಲ್ಲಿ ರುಂಡದಿಂದಲೂ ಮುಂಡದಿಂದಲೂ ಸುರಿಯುವ ರಕ್ತ ಕಂಚಿನಲ್ಲೇ ಇದೆ. ಎರಕದ ದಿನ ಲೋಹ ಕುಲುಮೆಯಲ್ಲೇ ಗಟ್ಟಿಯಾಗತೊಡಗಿದಾಗ ಮನೆಯ ತಟ್ಟೆ, ಬಟ್ಟಲುಗಳನ್ನೆಲ್ಲ ಅದಕ್ಕೆ ಹಾಕಿದೆ ಎಂದು ಆತ ಬರೆದುಕೊಂಡಿದ್ದಾನೆ. ಅವು ತವರ ಹೆಚ್ಚಿದ್ದ ಪಾತ್ರೆಗಳು. ತವರ ಸೇರಿದರೆ ಕಂಚು ಕಡಿಮೆ ಶಾಖಕ್ಕೇ ಕರಗುತ್ತದೆ.

ಇಟಲಿಯ ಚಿತ್ರಕಾರ ಕಾರವಾಜ್ಜೊ 1597ರ ಸುಮಾರಿಗೆ ನಿಜವಾದ ಉಬ್ಬು ಗುರಾಣಿಯ ಮೇಲೆ ಬಟ್ಟೆ ಅಂಟಿಸಿ, ಆಗತಾನೆ ಕಡಿದ, ಇನ್ನೂ ಚೀರುತ್ತಿರುವ ತಲೆಯನ್ನು ಬರೆದ. ಅಡ್ಡಳತೆ 60 ಸೆಂಟಿಮೀಟರ್‌ಗೆ ತುಸು ಕಡಿಮೆ. ಹಸಿರು ಹಿನ್ನೆಲೆಯ ಮೇಲೆ ನೆರಳು ಬೀಳಿಸಿರುವ ಜಾಣ್ಮೆ ನೋಡಿ: ಗುರಾಣಿ ಉಬ್ಬಿದ್ದರೂ ಕಣ್ಣಿಗೆ ತಗ್ಗಾಗಿ ಕಂಡು, ತಲೆ ಅದರಿಂದ ಹೊರಬಂದಂತಿದೆ. ಇಲ್ಲಿ ಹೆದರಿರುವವಳು ಮೆಡೂಸಾಳೇ.

2008ರಲ್ಲಿ ಶಿಲ್ಪಿ ಲೂಚಿಯಾನೊ ಗಾರ್ಬಾಟಿ ಇಡೀ ದೃಶ್ಯವನ್ನೇ ತಿರುವಿ, ಕತ್ತಿಯನ್ನೂ ಪರ್ಸಿಯಸ್‌ನ ತಲೆಯನ್ನೂ ಅವಳ ಕೈಗೇ ಕೊಟ್ಟ. 2020ರಲ್ಲಿ ಆ ವಿಗ್ರಹವನ್ನು ನ್ಯೂಯಾರ್ಕ್‌ನ ಕ್ರಿಮಿನಲ್ ನ್ಯಾಯಾಲಯದ ಎದುರಿನ ಪಾರ್ಕಿನಲ್ಲಿ ಇಟ್ಟಾಗ ಚರ್ಚೆ ಎದ್ದಿತು. ರೋಮನ್ ಕವಿ ಒವಿಡ್ ಹೇಳುವಂತೆ ಅವಳ ಮೇಲೆ ಅತ್ಯಾಚಾರ ಎಸಗಿದವನು ಸಮುದ್ರದೇವ, ಹಾಗಿರುವಾಗ ಪರ್ಸಿಯಸ್‌ನ ತಲೆ ಏಕೆ ಎಂದು ಕೆಲವರು ಕೇಳಿದ್ದು ನ್ಯಾಯವಾಗಿಯೇ ಇದೆ.