ಕಾರಿನ ಮೊದಲ ನಿಮಿಷದ ಹೊಗೆ

ರಾತ್ರಿಯಿಡೀ ನಿಂತಿದ್ದ ಪೆಟ್ರೋಲ್ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡಿ. ಎಂಜಿನ್ ಸ್ವಲ್ಪ ಹೊತ್ತು ಜೋರಾಗಿ ಗುಂಯ್ ಅನ್ನುತ್ತದೆ. ಆರ್‌ಪಿಎಂ ಮುಳ್ಳು ಸಾವಿರ ದಾಟಿ ನಿಂತು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಎಂಜಿನ್ ಬಿಸಿಯಾಗೋಕೆ ಹಾಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಅರ್ಧ ನಿಜ. ಈಗಿನ ಕಾರುಗಳಲ್ಲಿ ಆ ಸದ್ದಿಗೆ ದೊಡ್ಡ ಕಾರಣ, ಹೊಗೆ ಪೈಪಿನಲ್ಲಿ ಕೂತು ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸುವುದು.

ಈ ಕನ್ವರ್ಟರ್ ದೋಸೆ ಕಾವಲಿ ಇದ್ದ ಹಾಗೆ. ಕಾಯದೆ ಕೆಲಸ ಶುರು ಮಾಡುವುದಿಲ್ಲ. ಒಳಗೆ ಜೇನುಗೂಡಿನಂಥ ಪಿಂಗಾಣಿ, ಅದರ ಗೋಡೆಗಳ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಹೊಗೆಯ ವಿಷವನ್ನು ಬಹುಪಾಲು ಕಳೆಯುತ್ತದೆ. ಅಲ್ಲಿಯವರೆಗೆ ಬಂದ ಹೊಗೆ ಹೆಚ್ಚುಕಡಿಮೆ ಹಾಗೇ ಹೊರಗೆ. ಜೊತೆಗೆ, ತಣ್ಣಗಿನ ಎಂಜಿನ್ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಜಾಸ್ತಿ ಪೆಟ್ರೋಲ್ ಬಿಡಬೇಕು, ಅದರಲ್ಲಿ ಒಂದಿಷ್ಟು ಉರಿಯದೆ ಉಳಿಯುತ್ತದೆ. ಹೀಗಾಗಿ ಪ್ರಯೋಗಾಲಯದ ಪರೀಕ್ಷೆಯಲ್ಲಿ ಹೊರಬರುವ ಹೈಡ್ರೋಕಾರ್ಬನ್‌ನ, ಅಂದರೆ ಪೂರ್ತಿ ಉರಿಯದ ಪೆಟ್ರೋಲಿನ, ಬಹುಪಾಲು ಮೊದಲ ಒಂದೆರಡು ನಿಮಿಷದ್ದೇ.

ಕಥೆ ಶುರುವಾಗುವುದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಊರನ್ನು ಮುಚ್ಚುತ್ತಿದ್ದ ಕಣ್ಣುರಿಯ ಮಂಜಿಗೆ ಕಾರಿನ ಹೊಗೆಯೂ ಕಾರಣ ಅಂತ 1950ರ ದಶಕದ ಶುರುವಿನಲ್ಲಿ ರಸಾಯನ ವಿಜ್ಞಾನಿ ಆರೀ ಹಾಗನ್-ಸ್ಮಿತ್ ತೋರಿಸಿದರು. ಫ್ರಾನ್ಸ್‌ನಿಂದ ಬಂದಿದ್ದ ಎಂಜಿನಿಯರ್ ಯೂಜೀನ್ ಹೂದ್ರಿ ಅದೇ ದಶಕದಲ್ಲಿ ಕಾರಿಗೆ ಕನ್ವರ್ಟರ್ ಮಾಡಿದರು. ಆದರೆ ಪೆಟ್ರೋಲಿನಲ್ಲಿದ್ದ ಸೀಸ ಅದನ್ನು ಕೆಡಿಸುತ್ತಿತ್ತು. ಅಮೆರಿಕ 1970ರಲ್ಲಿ ಕಠಿಣ ಕಾನೂನು ತಂದಿತು. 1975ರ ಮಾಡೆಲ್‌ಗಳಲ್ಲಿ ಕನ್ವರ್ಟರ್ ಬಂತು, ಜೊತೆಗೆ ಸೀಸವಿಲ್ಲದ ಪೆಟ್ರೋಲೂ ಬಂತು.

ಆಗ ಅದನ್ನು ಕೂರಿಸಿದ್ದು ಕಾರಿನ ಹೊಟ್ಟೆಯ ಕೆಳಗೆ, ಎಂಜಿನ್ನಿನಿಂದ ದೂರ. ಹತ್ತಿರ ಇಟ್ಟರೆ ಬೇಗ ಕಾಯುತ್ತದೆ ಅಂತ ಎಂಜಿನಿಯರುಗಳಿಗೂ ಗೊತ್ತಿತ್ತು. ಆದರೆ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದಾಗ ಅಲ್ಲಿನ ಬಿಸಿ ವಿಪರೀತ. ಲೋಹದ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪವಾಗುತ್ತವೆ, ಹೊಗೆ ತಾಗುವ ಮೈ ಕಡಿಮೆಯಾಗುತ್ತದೆ. ಬೆಳಗಿನ ಒಂದು ನಿಮಿಷಕ್ಕಾಗಿ ವರ್ಷಗಳ ಆಯಸ್ಸು ಕಳೆಯುವುದು ಬೇಡ ಅಂತ ದೂರ ಇಟ್ಟರು.

ಆ ನಿಮಿಷವನ್ನು ಯಾರು ಲೆಕ್ಕ ಹಾಕಿದರು ಅನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಅಮೆರಿಕದ ಪರೀಕ್ಷೆಯಲ್ಲಿ ತಣ್ಣಗಿನ ಸ್ಟಾರ್ಟ್ ಸೇರಿತ್ತು. ಯುರೋಪ್‌ನಲ್ಲಿ ಸ್ಟಾರ್ಟ್ ಮಾಡಿ 40 ಸೆಕೆಂಡ್ ಬಿಟ್ಟು, ಆಮೇಲೆ ಹೊಗೆ ಅಳೆಯುತ್ತಿದ್ದರು. ಅತಿ ಕೊಳಕು ಹೊಗೆ ಬರುವ ಹೊತ್ತೇ ಅದು! 2000ದಲ್ಲಿ ಯೂರೋ 3 ಅನ್ನುವ ಯುರೋಪಿನ ಹೊಗೆ ನಿಯಮ ಬಂದಾಗ ಆ 40 ಸೆಕೆಂಡ್ ಹೋಯಿತು, ಕೀಲಿ ತಿರುಗಿಸಿದ ಕ್ಷಣದಿಂದಲೇ ಅಳತೆ. ಅದಕ್ಕೂ ಮೊದಲೇ, 1990ರಲ್ಲಿ, ಕ್ಯಾಲಿಫೋರ್ನಿಯಾ ಮಿತಿಗಳನ್ನು ಎಷ್ಟು ಬಿಗಿ ಮಾಡಿತೆಂದರೆ ಮೊದಲ ನಿಮಿಷವನ್ನು ಸರಿಮಾಡದೆ ಪಾಸಾಗಲು ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಕೆಲಸ ಚುರುಕಾಯಿತು. ದಪ್ಪ ಬೀಡಿನ ಕಾವಲಿ ಕಾಯೋಕೆ ಹೊತ್ತು ಬೇಕು, ತೆಳು ತವಾ ಬೇಗ ಕಾಯುತ್ತದೆ ಅಲ್ವಾ? ಪಿಂಗಾಣಿಗೂ ಅದೇ ಲೆಕ್ಕ. ಮೊದಲು ಚದರ ಇಂಚಿಗೆ 400 ತೂತು, ಸುಮಾರು 0.17 ಮಿಲಿಮೀಟರ್ ಗೋಡೆ ಇರುತ್ತಿತ್ತು. ಆಮೇಲೆ 900 ತೂತು, ಸುಮಾರು 0.06 ಮಿಲಿಮೀಟರ್ ಗೋಡೆಯವೂ ಬಂದವು. ಲೇಪವೂ ಬಿಸಿ ತಡೆಯುವುದನ್ನು ಕಲಿಯಿತು. ಆಗ ಕನ್ವರ್ಟರ್ ಎಂಜಿನ್ನಿಗೆ ಹತ್ತಿಕೊಂಡು ಕೂತಿತು.

ಇನ್ನೊಂದು ಉಪಾಯ ಎಂಜಿನ್ನಿನದ್ದೇ. ಸ್ಟಾರ್ಟ್ ಆದ ಕೂಡಲೇ ಕಿಡಿಯನ್ನು ಬೇಕಂತಲೇ ತಡವಾಗಿ ಹಾರಿಸುತ್ತಾರೆ. ಉರಿದ ಶಕ್ತಿ ಪಿಸ್ಟನ್ನಿಗೆ ಪೂರ್ತಿ ಸಿಗುವುದಿಲ್ಲ, ಬಿಸಿಯಾಗಿ ಪೈಪಿಗೆ ಹೋಗುತ್ತದೆ. ಕಡಿಮೆ ಬಿದ್ದ ಶಕ್ತಿ ತುಂಬಲು ಗಾಳಿ, ಪೆಟ್ರೋಲ್ ಜಾಸ್ತಿ ಬಿಡಬೇಕು. ಬೆಳಗಿನ ಗುಂಯ್ ಬರುವುದು ಹೀಗೆ.

ನಮ್ಮಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಗಿದ್ದು 1995ರ ಏಪ್ರಿಲ್‌ನಲ್ಲಿ, ಅದೂ ಮೊದಲು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗಳಲ್ಲಿ ಮಾತ್ರ. ದೇಶಕ್ಕೆಲ್ಲ ಸೀಸವಿಲ್ಲದ ಪೆಟ್ರೋಲ್ ಸಿಕ್ಕಿದ್ದು 2000ದಲ್ಲಿ. ಈಗಲೂ ನಾವು ಎಮಿಷನ್ ಟೆಸ್ಟ್‌ಗೆ ಹೋಗುವಾಗ ಕಾರು ಓಡಿ ಬಿಸಿಯಾಗಿರುತ್ತದೆ. ಹಾಲಿಗೆ ಅಂತ ಅರ್ಧ ಕಿಲೋಮೀಟರ್ ಹೋಗಿ ಬರುವ ಕಾರಿನ ತಣ್ಣಗಿನ ಹೊಗೆ ಆ ಚೀಟಿಯಲ್ಲಿ ಕಾಣುವುದಿಲ್ಲ.

ಕರೆಂಟಿನಿಂದಲೇ ಕಾಯಿಸುವ ಕನ್ವರ್ಟರ್ ಕೂಡ 1990ರ ದಶಕದಲ್ಲಿ ಬಂದಿತ್ತು. ಜರ್ಮನಿಯ ಆಲ್ಪಿನಾ ಬಿ12 ಕಾರಿನಲ್ಲಿ ಅದನ್ನು ಹಾಕಿದ್ದರು. 12 ವೋಲ್ಟ್ ಬ್ಯಾಟರಿಗೆ ಅಷ್ಟು ಕರೆಂಟ್ ಕೊಡುವುದು ದೊಡ್ಡ ಭಾರ, ಹಾಗಾಗಿ ಅದು ಹರಡಲಿಲ್ಲ. ಹೈಬ್ರಿಡ್ ಕಾರುಗಳು ಬಂದ ಮೇಲೆ ಅದಕ್ಕೆ ಮತ್ತೆ ಬೆಲೆ ಬಂದಿದೆ. ಚಾರ್ಜ್ ಮಾಡುವ ಹೈಬ್ರಿಡ್ ಮನೆಯಿಂದ ಸದ್ದಿಲ್ಲದೆ ಬ್ಯಾಟರಿಯಲ್ಲೇ ಹೊರಡುತ್ತದೆ. ಏರುದಾರಿಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ತಣ್ಣಗಿದ್ದ ಎಂಜಿನ್ ಒಮ್ಮೆಲೇ ಪೂರ್ತಿ ಭಾರ ಹೊರಬೇಕಾಗಬಹುದು. ಕನ್ವರ್ಟರೂ ಆಗ ತಣ್ಣಗೇ ಇರುತ್ತದೆ. ಆದರೆ ಈ ಕಾರಿನಲ್ಲಿ ದೊಡ್ಡ ಬ್ಯಾಟರಿ ಇದೆ. ಎಂಜಿನ್ ಏಳುವ ಮೊದಲೇ ಕನ್ವರ್ಟರನ್ನು ಕಾಯಿಸಿಡಲು ಅದು ಸಾಕು.