ಕಾವಲು ತಪ್ಪಿದ ದೇಹ, ಕಾದು ಕುಳಿತ ಶಿಲೀಂಧ್ರ

1981ರ ಆರಂಭದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಅಪರೂಪದ ಔಷಧಗಳನ್ನು ಕಳಿಸಿಕೊಡುತ್ತಿದ್ದ ಸಿಬ್ಬಂದಿಯೊಬ್ಬರು ಒಂದು ಸಂಗತಿ ಗಮನಿಸಿದರು. ಪೆಂಟಾಮಿಡಿನ್ ಬೇಕೆಂದು ವೈದ್ಯರಿಂದ ಮೇಲಿಂದ ಮೇಲೆ ಕೋರಿಕೆ ಬರುತ್ತಿತ್ತು. ನ್ಯುಮೋಸಿಸ್ಟಿಸ್ ನ್ಯುಮೋನಿಯಾಕ್ಕೆ ಕೊಡುವ ಔಷಧ ಅದು. ಕ್ಯಾನ್ಸರಿನಂಥ ಕಾಯಿಲೆಯಿಂದ ಸೊರಗಿದವರಿಗೆ ಬಿಟ್ಟರೆ ಬೇರೆಯವರಿಗೆ ಬೇಕಾಗುತ್ತಿದ್ದುದೇ ಅಪರೂಪ. ಆದರೆ ಈ ಸಲದ ರೋಗಿಗಳು ಅದುವರೆಗೆ ಗಟ್ಟಿಮುಟ್ಟಾಗಿದ್ದ ಯುವಕರು. ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರ ವರದಿ ಪ್ರಕಟವಾಯಿತು. ಏಡ್ಸ್ ಜಗತ್ತಿಗೆ ಗೊತ್ತಾದದ್ದು ಹೀಗೆ. ಪ್ರೊಟೊಜೋವಾ, ಅಂದರೆ ಅಮೀಬಾದಂಥ ಏಕಕೋಶ ಜೀವಿ ಎಂದೇ ಪಟ್ಟಿಯಾಗಿದ್ದ ನ್ಯುಮೋಸಿಸ್ಟಿಸ್ ಶಿಲೀಂಧ್ರವೆಂದು ಆರ್‌ಎನ್‌ಎ ಹೋಲಿಕೆಯಿಂದ ತಿಳಿದದ್ದು 1988ರಲ್ಲಿ.

ಇಂಥ ಶಿಲೀಂಧ್ರಗಳು ನಮಗೆ ಹೊಸತಲ್ಲ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ. ಕ್ಯಾಂಡಿಡಾ ಎಂಬ ಇನ್ನೊಂದು ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ತೆಪ್ಪಗಿರುತ್ತದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಮುಖ್ಯವಾಗಿ ಬದಲಾದದ್ದು ಶಿಲೀಂಧ್ರವಲ್ಲ, ರೋಗಿಯ ದೇಹ. ಕೀಮೋಥೆರಪಿ, ಅಂಗಾಂಗ ಕಸಿ, ಸ್ಟೀರಾಯ್ಡ್‌ಗಳು ಅಸಂಖ್ಯ ಜೀವ ಉಳಿಸಿದವು. ಜೊತೆಗೇ ದೇಹದ ಕಾವಲನ್ನೂ ಸಡಿಲಿಸಿದವು. 2021ರಲ್ಲಿ ಭಾರತದ ಕೋವಿಡ್ ರೋಗಿಗಳನ್ನು ಕಾಡಿದ ‘ಕಪ್ಪು ಶಿಲೀಂಧ್ರ’ದ ಹಿಂದೆಯೂ ಹತೋಟಿ ತಪ್ಪಿದ ಮಧುಮೇಹ ಮತ್ತು ಸ್ಟೀರಾಯ್ಡ್ ಇದ್ದವು.

ಔಷಧದ ಕತೆ ಇನ್ನೂ ಕಠಿಣ. ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾದ್ದಕ್ಕಿಂತ ನಮ್ಮದನ್ನೇ ಹೆಚ್ಚು ಹೋಲುತ್ತದೆ. ಹಾಗಾಗಿ ಅದನ್ನು ಕೊಲ್ಲುವ ಮದ್ದು ನಮಗೂ ತಾಗುತ್ತದೆ. ವೆನಿಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಸಿಕ್ಕ ಆಂಫೊಟೆರಿಸಿನ್-ಬಿ ದಶಕಗಳ ಕಾಲ ವೈದ್ಯರ ಮುಖ್ಯ ಆಸರೆಯಾಗಿತ್ತು. ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೇ ಎಷ್ಟೋ ರೋಗಿಗಳು ಗಡಗಡ ನಡುಗುತ್ತಿದ್ದರು, ಜ್ವರ ಏರುತ್ತಿತ್ತು. ದಿನ ಕಳೆದಂತೆ ಕಿಡ್ನಿ ಸೋಲುತ್ತಿತ್ತು. ಅಷ್ಟೊಂದು ಉಪದ್ರವವಿಲ್ಲದ ಫ್ಲುಕೊನಜೋಲ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1990ರಲ್ಲಿ.

ನನ್ನನ್ನು ಹೆಚ್ಚು ಕಂಗೆಡಿಸುವುದು ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ತರುವ ಮೆದುಳುಪೊರೆ ಉರಿಯೂತ. ಬೆನ್ನುಹುರಿಯ ಸುತ್ತಲಿಂದ ತೆಗೆದ ನೀರಿಗೆ ಇಂಡಿಯಾ ಇಂಕ್ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಕಪ್ಪು ಹಿನ್ನೆಲೆಯಲ್ಲಿ ಒಂದೊಂದು ಯೀಸ್ಟ್ ಕಣದ ಸುತ್ತಲೂ ಬೆಳ್ಳನೆಯ ಬಳೆ ಕಾಣುತ್ತದೆ. ಪತ್ತೆ ಇಷ್ಟು ಸುಲಭ. ಈಗ ಬೆರಳ ತುದಿಯ ರಕ್ತದಿಂದಲೂ ನಿಮಿಷಗಳಲ್ಲಿ ಸುಳಿವು ಸಿಗುತ್ತದೆ. ಆದರೂ ಎಚ್‌ಐವಿ ಇರುವವರು ಇದರಿಂದ ಸಾಯುತ್ತಲೇ ಇದ್ದಾರೆ.

ಆಫ್ರಿಕಾದ ಐದು ದೇಶಗಳಲ್ಲಿ ನಡೆದ ಆಂಬಿಷನ್ ಅಧ್ಯಯನದ ಬಲದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದಕ್ಕೆ ಹೊಸ ಚಿಕಿತ್ಸಾ ಕ್ರಮ ಸೂಚಿಸಿತು: ಲೈಪೊಸೋಮಲ್ (ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದ) ಆಂಫೊಟೆರಿಸಿನ್‌ನ ಒಂದೇ ದೊಡ್ಡ ಡೋಸ್, ಜೊತೆಗೆ ಎರಡು ವಾರ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್. ಇವುಗಳಲ್ಲಿ ಫ್ಲುಸೈಟೊಸಿನ್ 1957ರಲ್ಲೇ ತಯಾರಾದ ಹಳೆಯ ಔಷಧ. ಅದು ಅತಿ ಹೆಚ್ಚು ಬೇಕಿರುವ ದೇಶಗಳಲ್ಲೇ ಅನೇಕ ಕಡೆ ಇಂದಿಗೂ ಸಲೀಸಾಗಿ ಸಿಗುತ್ತಿಲ್ಲ.