ರೆಸಿಸ್ಟರ್ ಲೆಕ್ಕ: ಚಿತ್ರ ಬಿಡಿ, ಜಾಯಿಂಟ್ ನೋಡಿ

ರಿಪೇರಿ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಕೊಡುವ ಲೆಕ್ಕ ಇದು. 6, 3, 2 ಓಮ್‌ನ (ಓಮ್ ಅಂದರೆ ಕರೆಂಟ್‌ಗೆ ಒಡ್ಡುವ ರೋಧದ ಅಳತೆ) ಮೂರು ರೆಸಿಸ್ಟರ್‌ಗಳು ಒಂದೇ ಸಾಲಿನಲ್ಲಿವೆ. ಜಾಯಿಂಟ್‌ಗಳಿಗೆ ಎಡದಿಂದ ಎ, ಬಿ, ಸಿ, ಡಿ ಅಂತ ಹೆಸರು. ಎ ಇಂದ ಸಿ ಗೆ ಒಂದು ವೈರ್ ಹಾಕಿದೆ, ಬಿ ಇಂದ ಡಿ ಗೆ ಇನ್ನೊಂದು. ಎ, ಡಿ ನಡುವೆ ಒಟ್ಟು ಎಷ್ಟು ಓಮ್?

ಸಾಲಾಗಿದೆ, ಅಂದಮೇಲೆ ಸರಣಿ, ಕೂಡಿದರೆ 11 ಅನ್ನುವವರೇ ಜಾಸ್ತಿ. ಸರಿಯಾದ ಉತ್ತರ 1.

ಬರೀ ವೈರ್‌ನ ಎರಡು ತುದಿಗಳನ್ನು ಒಂದೇ ಜಾಯಿಂಟ್ ಅಂತ ಹಿಡಿಯಬೇಕು. ಹಾಗಾಗಿ ಸಿ ಅಂದರೂ ಎ ನೇ, ಬಿ ಅಂದರೂ ಡಿ ನೇ. ಹೆಸರು ಬದಲಿಸಿ ನೋಡಿ: ಪ್ರತಿ ರೆಸಿಸ್ಟರ್‌ನ ಒಂದು ಕಾಲು ಎ ಗೆ, ಇನ್ನೊಂದು ಡಿ ಗೆ. ಮೂರೂ ಸಮಾಂತರ. 1/6 + 1/3 + 1/2 = 1, ತಿರುಗಿಸಿದರೂ 1 ಓಮ್.

ಎರಡೂ ಕಾಲು ಅದೇ ಎರಡು ಜಾಯಿಂಟ್‌ಗೆ ಸೇರಿದ್ದರೆ ಸಮಾಂತರ. ಒಂದೇ ಜಾಯಿಂಟ್‌ನಲ್ಲಿ ಸೇರಿ, ಅಲ್ಲಿ ಬೇರೇನೂ ಇಲ್ಲದಿದ್ದರೆ ಸರಣಿ. ಈ ‘ಬೇರೇನೂ ಇಲ್ಲದಿದ್ದರೆ’ ಅನ್ನುವುದನ್ನೇ ಎಲ್ಲರೂ ಮರೆಯುವುದು. ದೊಡ್ಡ ಸರ್ಕ್ಯೂಟ್ ಆದರೆ ಬ್ಯಾಟರಿಯಿಂದ ದೂರದ ತುದಿಯಲ್ಲಿ ಶುರುಮಾಡಿ, ಒಂದೊಂದು ಜೋಡಿ ಕರಗಿ ಒಂದೇ ರೆಸಿಸ್ಟರ್ ಆದಾಗಲೂ ಚಿತ್ರ ಹೊಸದಾಗಿ ಬರೆಯಿರಿ. ಸಮತೋಲ ತಪ್ಪಿದ ವೀಟ್‌ಸ್ಟನ್ ಬ್ರಿಡ್ಜ್‌ನಲ್ಲಿ (ನಾಲ್ಕು ರೆಸಿಸ್ಟರ್‌ಗಳ ಚೌಕ, ಅದರ ಎದುರುಬದುರು ಮೂಲೆಗಳ ನಡುವೆ ಐದನೆಯದು) ಮಾತ್ರ ಇಂಥ ಜೋಡಿಯೇ ಸಿಗುವುದಿಲ್ಲ. ಅದಕ್ಕೆ ಸ್ಟಾರ್-ಡೆಲ್ಟಾ ದಾರಿ ಬೇಕು, ಅಂದರೆ ಮೂರು ರೆಸಿಸ್ಟರ್‌ಗಳ ತ್ರಿಕೋನವನ್ನು ಅದಕ್ಕೆ ಸಮನಾದ ನಕ್ಷತ್ರದ ಆಕಾರಕ್ಕೆ ಬದಲಿಸುವುದು.

ಪರೀಕ್ಷೆ ಮುಗಿದ ಮೇಲೆ ಇದೆಲ್ಲ ಯಾಕೆ ಅಂತೀರಾ? ಬೋರ್ಡ್ ಮುಂದೆ ಕೂತಾಗ ಬೇಕು. ಒಂದು ರೆಸಿಸ್ಟರ್ ಮೇಲೆ ಬೆಲೆ ಹೇಳುವ ಬಣ್ಣದ ಪಟ್ಟಿಗಳು ಕಂದು, ಕಪ್ಪು, ಕಿತ್ತಳೆ, ಕೊನೆಗೆ ಚಿನ್ನದ್ದು: ಅಂದರೆ 10 ಕಿಲೋ ಓಮ್, ಶೇ. 5ರಷ್ಟು ಹೆಚ್ಚು ಕಡಿಮೆ. ಪವರ್ ತೆಗೆದು, ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳನ್ನು ಖಾಲಿ ಮಾಡಿ ಮೀಟರ್ ಇಟ್ಟರೆ 4 ಕಿಲೋ ತೋರಿಸುತ್ತದೆ. ಹೊಸಬರು ತಕ್ಷಣ ಅದನ್ನು ಕಿತ್ತು ಹಾಕುತ್ತಾರೆ. ತಡೆಯಿರಿ. ಬೋರ್ಡ್‌ನಲ್ಲಿ ಅದಕ್ಕೆ ಸಮಾಂತರವಾಗಿ ಬೇರೆ ದಾರಿಗಳಿರುತ್ತವೆ, ಅಲ್ವಾ? ಸಮಾಂತರದಲ್ಲಿ ಒಟ್ಟು ರೋಧ ಅತಿ ಚಿಕ್ಕದಕ್ಕಿಂತಲೂ ಕಡಿಮೆ. ಕಡಿಮೆ ತೋರಿಸಿದರೆ ಒಂದು ಕಾಲಿನ ಬೆಸುಗೆ ಬಿಡಿಸಿ, ಮೇಲೆತ್ತಿ, ಮತ್ತೆ ಅಳೆಯಿರಿ.

ಅದೇ ಮೀಟರ್ 14 ಕಿಲೋ ತೋರಿಸಿದರೆ? ಪಕ್ಕದಲ್ಲಿ ಎಷ್ಟು ರೆಸಿಸ್ಟರ್ ಇದ್ದರೂ ಅವು ರೋಧವನ್ನು ಇಳಿಸುತ್ತವೆಯೇ ಹೊರತು ಏರಿಸುವುದಿಲ್ಲ. ಮೀಟರ್ ಕಡ್ಡಿ ಸರಿಯಾಗಿ ತಾಗಿದೆಯಾ ನೋಡಿಕೊಳ್ಳಿ. ತಾಗಿದ್ದರೆ ಕಾಲು ಎತ್ತಿ ಅಳೆಯುವ ಕೆಲಸವೂ ಬೇಡ, ಸೀದಾ ಬದಲಿಸಿ.